ಓದಿ ಹೇಳಿದವನು

ಗುಟ್ಟೆಪಾಳ್ಯದಲ್ಲಿ ಸಹಿ ಹಾಕಲು ಬರುತ್ತಿದ್ದವನು ಲಕ್ಕಣ್ಣ ಒಬ್ಬನೇ. ಉಳಿದವರದೆಲ್ಲ ಹೆಬ್ಬೆಟ್ಟು. ಅವನು ಯಲಹಂಕದ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕೂತಿದ್ದ. ಅಲ್ಲಿ ಕಲಿತದ್ದರಲ್ಲಿ ನಿಧಾನವಾಗಿ ಓದುವುದು, ಅಷ್ಟಿಷ್ಟು ಬರೆಯುವುದು ಮತ್ತು ತನ್ನ ಹೆಸರು ಉಳಿದಿದ್ದವು. ಹೆಸರನ್ನು ಚೆನ್ನಾಗಿ ಬರೆಯುತ್ತಿದ್ದ. ಕೊನೆಗೆ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕಿ ಇಡುತ್ತಿದ್ದ. ಚುಕ್ಕಿ ಏಕೆಂದು ಯಾರೂ ಕೇಳಿರಲಿಲ್ಲ.

ಹಾಗಾಗಿ ಊರಲ್ಲಿ ಯಾರು ಭೂಮಿ ಮಾರಿದರೂ ಲಕ್ಕಣ್ಣ ಸಾಕ್ಷಿ. ಹಿಂದಿನ ಸಂಜೆ ಬಂದು ಹೇಳಿಹೋಗುತ್ತಿದ್ದರು. ಬೆಳಗ್ಗೆ ಅವನು ತನ್ನ ಮದುವೆಯ ಕರಿಕೋಟು ತೊಟ್ಟು, ಜಕ್ಕೂರು ಕೆರೆಯ ಏರಿ ಹಿಡಿದು ನಡೆದು, ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹತ್ತುತ್ತಿದ್ದ. ನೋಂದಣಿ ಕಚೇರಿಯ ಮುಂದಿನ ಹುಣಸೆಮರದ ಕೆಳಗೆ ಪತ್ರ ಬರೆಯುವ ಗುಂಡಣ್ಣ ಚಾಪೆ ಹಾಸಿಕೊಂಡು ಕೂತಿರುತ್ತಿದ್ದ. ಪತ್ರ ಬರೆದು, ಒಳಗೆ ಸಾಹೇಬರ ಮುಂದೆ ಸಹಿ ಮುಗಿದ ಮೇಲೆ ಕೊಂಡವನ ಖರ್ಚಿನಲ್ಲಿ ಹೋಟೆಲು. ಲಕ್ಕಣ್ಣನಿಗೆ ಮಸಾಲೆ ದೋಸೆ, ಕಾಫಿ, ಒಂದು ಟವಲ್ಲು. ಇದು ಕ್ರಮ. ಅವನ ಮನೆಯ ಪೆಟ್ಟಿಗೆಯಲ್ಲಿ ಒಂಬತ್ತು ಟವಲ್ಲುಗಳು ಮಡಿಕೆ ಬಿಚ್ಚದೆ ಇದ್ದವು. ಅವನ ಹೆಂಡತಿ ಗೌರಮ್ಮ ನೆಂಟರು ಬಂದಾಗ ಅವನ್ನು ತೋರಿಸುತ್ತಿದ್ದಳು.

ಊರಿನಲ್ಲಿ ಭೂಮಿಗೆ ಎರಡು ಬೆಲೆ. ಒಂದು ಕಟ್ಟೆಯ ಬೆಲೆ. ಅರಳೀಕಟ್ಟೆಯ ಮೇಲೆ ನಾಲ್ಕು ಗಂಡಸರ ಮುಂದೆ ಎಣಿಸಿ ಕೊಡುವ ದುಡ್ಡು ಅದು; ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ಇನ್ನೊಂದು ಕಾಗದದ ಬೆಲೆ. ಅದನ್ನು ಗುಂಡಣ್ಣ ಕೇಳಿ ಬರೆಯುತ್ತಿದ್ದ.

‘ಕಾಗದಕ್ಕೆ ಎಷ್ಟು ಹಾಕ್ಲಯ್ಯ?’

‘ಛಾಪಾ ಕಾಗದಕ್ಕೆ ಜಾಸ್ತಿ ಓಗ್ದಂಗೆ ನೋಡಿ ಆಕಿ ಸ್ವಾಮಿ.’

‘ತೀರಾ ಕಮ್ಮಿ ಹಾಕಿದ್ರೆ ಒಳಗೆ ಮುಖ ಸಿಂಡರಿಸ್ತಾರೆ ಕಣಯ್ಯ. ಹೋದ್ ವರ್ಷ ಪಕ್ಕದ ಹೊಲಕ್ಕೆ ಎಷ್ಟು ಹಾಕಿದ್ವೋ ಅಷ್ಟೇ ಹಾಕ್ತೀನಿ.’

ಒಂದು ಪತ್ರದ ಸುಳ್ಳನ್ನು ಮುಂದಿನ ಪತ್ರ ನಕಲು ಮಾಡುತ್ತಿತ್ತು. ಕಟ್ಟೆಯ ಬೆಲೆ ವರ್ಷ ವರ್ಷಕ್ಕೆ ಏರಿದರೂ ಕಾಗದದ ಬೆಲೆ ಇದ್ದಲ್ಲೇ ಇತ್ತು. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಊರಿನ ಗಂಡಸರಿಗೆಲ್ಲ ನಿಜವಾದ ಬೆಲೆ ಗೊತ್ತಿರುವಾಗ ಕಾಗದದಲ್ಲಿ ಏನು ಬರೆದರೇನು?

ಒಂಬತ್ತರಲ್ಲಿ ಒಂದು ಮಾರಾಟ ಮಾತ್ರ ಬೇರೆ ತರಹ ಆಯಿತು. ಅದು ಸಾವಿರದ ಒಂಬೈನೂರ ಅರವತ್ತರಲ್ಲಿ. ಲಕ್ಕಣ್ಣನ ಪಕ್ಕದ ಹೊಲದ ಚಿಕ್ಕಬೈರಪ್ಪ ಒಂದು ಎಕರೆಯನ್ನು ಯಶವಂತಪುರದ ಮಂಡಿಯ ಒಬ್ಬ ವ್ಯಾಪಾರಿಗೆ ಮಾರಿದ. ಭೂಮಿ ಚಿಕ್ಕಬೈರಪ್ಪನದೂ ಅವನ ಸತ್ತ ಅಣ್ಣನದೂ ಜಂಟಿ. ಅಣ್ಣನ ಹೆಂಡತಿ ಮುನಿಕೆಂಪಮ್ಮನ ಹೆಬ್ಬೆಟ್ಟು ಇಲ್ಲದೆ ಕೊಳ್ಳುವುದಿಲ್ಲವೆಂದು ವ್ಯಾಪಾರಿ ಹಟ ಹಿಡಿದ. ನಿಜವಾದ ಬೆಲೆ ಅವಳ ಕಿವಿಗೆ ಬೀಳಬಾರದೆಂದು ದುಡ್ಡನ್ನು ಕಟ್ಟೆಯ ಮೇಲೆ ಎಣಿಸಲಿಲ್ಲ. ಯಶವಂತಪುರದ ಮಂಡಿಯಲ್ಲಿ, ಈರುಳ್ಳಿ ಮೂಟೆಗಳ ಹಿಂದೆ ಎಣಿಸಿದರು. ನಾಲ್ಕೂವರೆ ಸಾವಿರ. ಅಲ್ಲಿದ್ದವರು ವ್ಯಾಪಾರಿ, ಚಿಕ್ಕಬೈರಪ್ಪ, ಲಕ್ಕಣ್ಣ. ಕಾಗದದಲ್ಲಿ ಸಾವಿರ ಬರೆಸಿದರು.

ಪತ್ರ ಮುಗಿದಾಗ ಮುನಿಕೆಂಪಮ್ಮ ಹುಣಸೆಮರದ ಬೇರಿನ ಮೇಲೆ ಕೂತಿದ್ದಳು. ಅವಳು ಲಕ್ಕಣ್ಣನಿಗಿಂತ ಐದಾರು ವರ್ಷ ದೊಡ್ಡವಳು. ಅವನ ದ್ರಾಕ್ಷಿ ತೋಟದಲ್ಲಿ ಕೂಲಿಗೆ ಬರುತ್ತಿದ್ದಳು.

‘ಲಕ್ಕಣ್ಣ, ನೀನು ಓದಿರೋನು. ಏನ್ ಬರ್ದವ್ರೆ ಓದಪ್ಪ’ ಎಂದಳು.

ಚಿಕ್ಕಬೈರಪ್ಪ ಲಕ್ಕಣ್ಣನನ್ನು ನೋಡಿದ. ಲಕ್ಕಣ್ಣ ಪತ್ರ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. ಚಕ್ಕುಬಂದಿ ಓದಿದ, ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ತನ್ನದೇ ಹೊಲ. ‘ಕ್ರಯದ ಮೊಬಲಗು ಒಂದು ಸಾವಿರ ರೂಪಾಯಿ’ ಎಂದೂ ಓದಿದ. ಬರೆದದ್ದಕ್ಕಿಂತ ಒಂದು ಅಕ್ಷರ ಹೆಚ್ಚಾಗಿ ಓದಲಿಲ್ಲ, ಕಡಿಮೆಯಾಗಿಯೂ ಓದಲಿಲ್ಲ.

‘ಅಂದ್ರೆ ನಂಗೆ ಐನೂರು’ ಎಂದಳು ಮುನಿಕೆಂಪಮ್ಮ.

‘ಊಂ.’

ಗುಂಡಣ್ಣ ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಿದ: ‘ಅನಕ್ಷರಸ್ಥೆ ಮುನಿಕೆಂಪಮ್ಮನಿಗೆ ಈ ಪತ್ರವನ್ನು ಓದಿ ವಿವರವಾಗಿ ತಿಳಿಸಿದವನು ಲಕ್ಕಣ್ಣ ಬಿನ್ ದೊಡ್ಡಮುನಿಯಪ್ಪ.’ ಲಕ್ಕಣ್ಣ ಸಹಿ ಮಾಡಿದ. ಗೆರೆ ಎಳೆದು ಎರಡು ಚುಕ್ಕಿ ಇಟ್ಟ. ಅವತ್ತು ಮುನಿಕೆಂಪಮ್ಮನಿಗೂ ದೋಸೆ ಕೊಡಿಸಿದರು.

ಎರಡು ವರ್ಷ ಕಳೆಯಿತು. ಗುಟ್ಟೆಪಾಳ್ಯದ ಅರವತ್ತೆರಡು ಎಕರೆಯನ್ನು ಸರ್ಕಾರ ವಸತಿ ಬಡಾವಣೆಗಾಗಿ ತೆಗೆದುಕೊಳ್ಳುತ್ತದೆ ಎಂದು ಗೆಜೆಟ್ಟಿನಲ್ಲಿ ಬಂತು. ಊರಿನ ಮನೆಗಳನ್ನು ಬಿಟ್ಟು ಹೊಲಗಳೆಲ್ಲ ಹೋದವು. ಇಪ್ಪತ್ತೊಂದು ಮನೆತನ. ಲಕ್ಕಣ್ಣನದು ಎರಡು ಎಕರೆ ಹತ್ತು ಗುಂಟೆ.

ಅವನು ಗಾಬರಿಯಾಗಲಿಲ್ಲ. ಗೌರಮ್ಮನ ಅಣ್ಣ ಶ್ರೀರಾಮಪ್ಪ ಚಿಕ್ಕಜಾಲದಲ್ಲಿದ್ದ. ಬಾವಿ ಸಮೇತ ಎರಡು ಎಕರೆ ಮಾರುವುದಿತ್ತು. ಏಳು ಸಾವಿರಕ್ಕೆ ತಂಗಿಯ ಗಂಡನಿಗೇ ಕೊಡುತ್ತೇನೆಂದ. ಊರಿನಲ್ಲಿ ಎಕರೆ ನಾಲ್ಕೂವರೆಯಂತೆ ಲೆಕ್ಕ ಹಾಕಿದರೆ ಹತ್ತು ಸಾವಿರ ದಾಟುತ್ತದೆ. ಚಿಕ್ಕಜಾಲದ ಭೂಮಿ ಕೊಂಡು, ಮತ್ತೆ ಚಪ್ಪರ ಕಟ್ಟಿ, ಉಳಿದದ್ದರಲ್ಲಿ ಮೂರು ವರ್ಷ ಕೂತು ತಿನ್ನಬಹುದು. ದ್ರಾಕ್ಷಿ ಹಿಡಿಯಲು ಮೂರು ವರ್ಷ ಬೇಕು.

‘ಅಲ್ಲಿ ಮಣ್ಣು ಕೆಂಪು’ ಎಂದಳು ಗೌರಮ್ಮ. ‘ಬಳ್ಳಿ ಇಲ್ಲಿಗಿಂತ ಬೇಗ ಎದ್ದೇಳ್ತದೆ.’

ಬೆಲೆ ಕಟ್ಟುವ ಅಧಿಕಾರಿ ಬೇಸಗೆಯಲ್ಲಿ ಬಂದ. ಕನ್ನಡಕದ ಹುಡುಗಪ್ರಾಯದವನು, ಜೊತೆಗೆ ಟೇಪು ಹಿಡಿದ ಇಬ್ಬರು. ಚಪ್ಪರದ ಕಲ್ಲುಕಂಬ ಎಣಿಸಿದರು, ಬಳ್ಳಿ ಎಣಿಸಿದರು, ಕಪಿಲೆ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು ಆಳ ನೋಡಿದರು. ಮೇಲೆ ಜಕ್ಕೂರಿನ ತರಬೇತಿ ವಿಮಾನವೊಂದು ತಗ್ಗಿನಲ್ಲಿ ಸುತ್ತುಹಾಕುತ್ತಿತ್ತು. ಅಧಿಕಾರಿ ಪ್ರತಿ ಸಲವೂ ತಲೆಯೆತ್ತಿ ನೋಡುತ್ತಿದ್ದ, ಊರವರು ನೋಡುತ್ತಿರಲಿಲ್ಲ.

‘ಬಾವಿ ಎಷ್ಟು ವರ್ಷದ್ದು?’

‘ನಮ್ ತಾತ ತೋಡ್ಸಿದ್ದು ಸ್ವಾಮಿ. ಅರವತ್ತು ವರ್ಷ ಆಯ್ತು. ಒಂದ್ ಕಲ್ಲು ಅಲ್ಲಾಡಿಲ್ಲ ನೋಡಿ.’

ಅಧಿಕಾರಿ ಬರೆದುಕೊಂಡ. ಹಳೆಯದಾದಷ್ಟೂ ಕಟ್ಟಡದ ಬೆಲೆ ಇಳಿಯುತ್ತದೆ, ಅರವತ್ತು ವರ್ಷದ ಸವಕಳಿ ಕಳೆಯುತ್ತಾರೆ ಎಂದು ಟೇಪು ಹಿಡಿದವನು ಆಮೇಲೆ ಹೇಳಿದ. ಲಕ್ಕಣ್ಣನಿಗೆ ಅರ್ಥವಾಗಲಿಲ್ಲ. ಹಳೆಯ ಬಾವಿ ಎಂದರೆ ಬತ್ತದ ಬಾವಿ. ಹೊಸ ಬಾವಿಯನ್ನು ಯಾರು ನಂಬುತ್ತಾರೆ?

‘ಭೂಮಿ ಬೆಲೆ ನಾನೇ ಏಳ್ತೀನಿ ಸ್ವಾಮಿ. ನಾಕೂವರೆ ಸಾವ್ರ.’

‘ಬಾಯಿ ಮಾತು ಬೇಡ. ಮನಸ್ಸಿರೋ ಮಾರೋನಿಗೆ ಮನಸ್ಸಿರೋ ಕೊಳ್ಳೋನು ಏನು ಕೊಡ್ತಾನೋ ಅದೇ ಬೆಲೆ. ಗೆಜೆಟ್ಟು ಬಂದ ದಿನ ಏನಿತ್ತೋ ಅದು. ಅದು ನಂಗೆ ಹೆಂಗೆ ಗೊತ್ತಾಗ್ಬೇಕು ಹೇಳಿ? ಸುತ್ತಮುತ್ತ ಆಗಿರೋ ಮಾರಾಟ ನೋಡ್ತೀನಿ. ನೋಂದಣಿ ಕಚೇರಿಯಿಂದ ಪಟ್ಟಿ ತರಿಸಿದೀನಿ.’ ಅವನು ಚೀಲದಿಂದ ಹಾಳೆ ತೆಗೆದ. ‘ಹತ್ತು ವರ್ಷದಲ್ಲಿ ಒಂಬತ್ತು ಮಾರಾಟ. ಎಂಟುನೂರು, ಒಂಬೈನೂರು, ಒಂಬೈನೂರು, ಸಾವಿರ. ಕೊನೇದು ನಿಮ್ಮ ಪಕ್ಕದ ಹೊಲ. ಅದೇ ಮಣ್ಣು, ಅದೇ ರಸ್ತೆ. ಸಾವಿರ.’ ಹಾಳೆ ತಿರುಗಿಸಿ ನಕ್ಕ. ‘ಒಂಬತ್ತಕ್ಕೂ ಸಾಕ್ಷಿ ಒಬ್ಬನೇ, ಲಕ್ಕಣ್ಣ ಬಿನ್ ದೊಡ್ಡಮುನಿಯಪ್ಪ. ನಿಮ್ಮೂರಲ್ಲಿ ಇನ್ಯಾರಿಗೂ ಸಹಿ ಬರಲ್ವೇನ್ರೀ?’

‘ಇಲ್ಲ ಸ್ವಾಮಿ’ ಎಂದ ಲಕ್ಕಣ್ಣ. ಅದನ್ನು ಹೇಳುವಾಗ ಆ ಕ್ಷಣಕ್ಕೂ ಅವನಿಗೆ ಸ್ವಲ್ಪ ಹೆಮ್ಮೆಯಾಯಿತು.

ಅಧಿಕಾರಿ ಬೆಲೆ ಗೊತ್ತುಮಾಡಿದ ಐತೀರ್ಪು ಮುಂದಿನ ವರ್ಷ ಬಂತು. ಇಡೀ ಊರಿಗೆ ಎಕರೆಗೆ ಸಾವಿರ. ಬಾವಿ, ಬಳ್ಳಿ, ಕಂಬ, ಬಲವಂತದ ಸ್ವಾಧೀನಕ್ಕೆಂದು ಕೊಡುವ ನೂರಕ್ಕೆ ಹದಿನೈದು, ಎಲ್ಲ ಸೇರಿ ಲಕ್ಕಣ್ಣನಿಗೆ ಮೂರು ಸಾವಿರದ ಆರುನೂರ ಎಂಬತ್ತು. ಚಿಕ್ಕಜಾಲದಲ್ಲಿ ಆ ದುಡ್ಡಿಗೆ ಒಂದು ಎಕರೆ ಸಿಗುತ್ತಿತ್ತು, ಬಾವಿಯಿಲ್ಲದ್ದು.

ಕಟ್ಟೆಯ ಮೇಲೆ ಜನ ಸೇರಿದರು. ಯಾರೂ ಅವನನ್ನು ಬೈಯಲಿಲ್ಲ, ಏಕೆಂದರೆ ಮಂಡಿ ವ್ಯಾಪಾರಿ, ಮುನಿಕೆಂಪಮ್ಮ ಇಬ್ಬರನ್ನು ಬಿಟ್ಟು ಒಂಬತ್ತು ಪತ್ರಗಳಲ್ಲಿ ಮಾರಿದವರೂ ಕೊಂಡವರೂ ಅಲ್ಲೇ ಕೂತಿದ್ದರು. ಮುನಿಆಂಜಿನಪ್ಪನೊಬ್ಬ ಅಂದ, ‘ಟವಲ್ ತಂದು ಆಸಪ್ಪ ಲಕ್ಕಣ್ಣ, ಎಲ್ರೂ ಕೂತ್ಕಳಾನ. ಒಂಬತ್ತು ಅವೆಯಲ್ಲ.’ ಯಾರೂ ನಗಲಿಲ್ಲ.

ದುಡ್ಡು ಒಪ್ಪಿಕೊಳ್ಳದೆ ನ್ಯಾಯಾಲಯಕ್ಕೆ ಹೋಗಬಹುದೆಂದು ಯಾರೋ ಹೇಳಿದರು. ಮಲ್ಲೇಶ್ವರದ ವಕೀಲ ಬದರೀನಾಥ ಕೇಸು ಹಿಡಿದ. ಮೊದಲು ಲಕ್ಕಣ್ಣನದು ನಡೆಸುವುದು, ಅದು ಗೆದ್ದರೆ ಮಿಕ್ಕ ಇಪ್ಪತ್ತಕ್ಕೂ ಅದೇ ಬೆಲೆ.

‘ಕೇಳಯ್ಯ’ ಎಂದ ಬದರೀನಾಥ. ‘ಸರ್ಕಾರ ಹಿಡ್ಕೊಂಡಿರೋದು ಆ ಮಂಡಿ ವ್ಯಾಪಾರಿ ಪತ್ರಾನ. ಅದು ಸುಳ್ಳು ಅಂತ ಆಗ್ಬೇಕು. ಕೊಂಡೋನು ಬಂದು ಹೇಳಲ್ಲ, ಛಾಪಾದು ದಂಡ ಬೀಳತ್ತೆ. ಮಾರಿದೋನು?’

‘ಚಿಕ್ಕಬೈರ ಬರಾಕಿಲ್ಲ ಸ್ವಾಮಿ.’

‘ಮತ್ಯಾರು ನೋಡಿದಾರೆ ದುಡ್ಡು ಎಣಿಸಿದ್ದು?’

‘ನಾನು.’

‘ಯಾಕೆ ಸಹಿ ಹಾಕ್ದೆ ಅಂತ ಕೇಳ್ತಾರೆ. ಅದಕ್ಕೆ ಉತ್ತರ ಇದೆ. ಸಾಕ್ಷಿ ಹಾಕೋನು ಸಹಿ ಆಗಿದ್ದಕ್ಕೆ ಸಾಕ್ಷಿ, ಒಳಗೆ ಬರ್ದಿರೋದಕ್ಕೆ ಅಲ್ಲ. ಒಳಗೇನಿದೆ ಅಂತ ಓದಬೇಕಾಗೂ ಇಲ್ಲ. ನೀನು ಓದಿದ್ಯಾ?’

ಲಕ್ಕಣ್ಣ ‘ಜ್ಞಾಪಕ ಇಲ್ಲ’ ಎಂದ.

ಬದರೀನಾಥನ ಬಳಿ ಪತ್ರದ ಮೊದಲ ಪುಟದ ನಕಲು ಮಾತ್ರ ಇತ್ತು. ಅವನು ಮತ್ತೆ ಕೇಳಲಿಲ್ಲ.

ಈ ಸುದ್ದಿ ಚಿಕ್ಕಬೈರಪ್ಪನಿಗೆ ಮುಟ್ಟಿತು. ಅವನಿಗೆ ಉಳಿದಿದ್ದ ಹೊಲ ಹತ್ತು ಗುಂಟೆ. ಬೆಲೆ ಏರಿದರೂ ಇಳಿದರೂ ಅವನಿಗೆ ದೊಡ್ಡ ವ್ಯತ್ಯಾಸವಿಲ್ಲ. ಸಂಜೆ ಚಪ್ಪರದ ಕೆಳಗೆ ಬಂದು ನಿಂತ. ಆಗಿನ್ನೂ ಸರ್ಕಾರ ಹೊಲಗಳಿಗೆ ಬೇಲಿ ಹಾಕಿರಲಿಲ್ಲ. ದೂರದಲ್ಲಿ ಮುನಿಕೆಂಪಮ್ಮ ದ್ರಾಕ್ಷಿ ಕೊಯ್ದು ತುಂಬಿದ ಮಂಕರಿಗಳನ್ನು ಸಾಲಿಗೆ ಇಡುತ್ತಿದ್ದಳು.

‘ಲಕ್ಕಣ್ಣ, ಕೋರ್ಟಲ್ಲಿ ನಾಕೂವರೆ ಅಂತೀಯಂತೆ.’

‘ಇದ್ದಿದ್ದು ಅಷ್ಟೇ ಅಲ್ವಾ?’

‘ಅಷ್ಟೇ. ನಾನೆಲ್ಲಿ ಅಲ್ಲ ಅಂದೆ? ಆದ್ರೆ ನಮ್ಮತ್ಗೆಗೆ ಗೊತ್ತಾದ್ರೆ ಇನ್ನೂ ಒಂದೂಮುಕ್ಕಾಲು ಸಾವ್ರ ಕಕ್ಕು ಅಂತಾಳೆ. ಅದು ಕರಗೋಗೈತೆ. ಮಗಳ ಮದ್ವೆಗೆ ಓಯ್ತು, ನೀನೇ ಉಂಡು ಬಂದಿದ್ದೀಯ.’

‘ಇಪ್ಪತ್ತೊಂದು ಮನೆ ಬದ್ಕು ಕಣೋ ಇದು.’

‘ನಂದೂ ಒಂದ್ ಮನೆ ಕಣೋ.’ ಚಿಕ್ಕಬೈರಪ್ಪ ಕಂಬಕ್ಕೆ ಒರಗಿದ. ‘ನೋಡು, ಕೋರ್ಟಲ್ಲಿ ಆಣೆ ಇಟ್ಟು ಸುಳ್ಳು ಏಳೋಕೆ ನಂಗೆ ಧೈರ್ಯ ಇಲ್ಲ. ದೇವ್ರು ಸತ್ಯವಾಗಿ ನಂಗೆ ಬಯ. ಅದಕ್ಕೇ ಸರ್ಕಾರದ ಲಾಯರ್ರು ಕೂಗಿದ್ರೂ ನಾನು ಓಗಲ್ಲ. ದಿಟ ಏಳೋರ್ನ ಕಳಿಸ್ತೀನಿ.’

‘ಯಾರ್ನ?’

ಚಿಕ್ಕಬೈರಪ್ಪ ಹೊರಟುಹೋಗುವಾಗ ಅತ್ತಿಗೆಯ ತಲೆಗೆ ಮಂಕರಿ ಎತ್ತಿಕೊಟ್ಟು ಹೋದ.

ಅರವತ್ತನಾಲ್ಕರಲ್ಲಿ ಬೇಲಿ ಬಂತು. ಚಪ್ಪರದ ಕಲ್ಲುಕಂಬಗಳನ್ನು ಹರಾಜು ಹಾಕಿದರು. ಬಾವಿಗೆ ಮಣ್ಣು ತುಂಬಲು ಹನ್ನೊಂದು ದಿನ ಹಿಡಿಯಿತು. ಬಡಾವಣೆಯ ರಸ್ತೆ ಕೆಲಸಕ್ಕೆ ಬಂದ ಗುತ್ತಿಗೆದಾರನಿಗೆ ಕೂಲಿಗಳ ಹಾಜರಿ ಬರೆಯುವವನು ಬೇಕಾಗಿತ್ತು. ಊರಲ್ಲಿ ಬರೆಯಲು ಬರುತ್ತಿದ್ದವನು ಒಬ್ಬನೇ. ಹೀಗೆ ಲಕ್ಕಣ್ಣ ತನ್ನ ಹೊಲದಲ್ಲೇ ತಗಡಿನ ಶೆಡ್ಡಿನಲ್ಲಿ ಕೂತು ಊರವರ ಹೆಸರು ಬರೆಯತೊಡಗಿದ. ಮುನಿಕೆಂಪಮ್ಮ ಅಲ್ಲೇ ಜಲ್ಲಿ ಹೊರುತ್ತಿದ್ದಳು. ಇದು ತೀರ್ಪು ಬರುವವರೆಗೆ ಮಾತ್ರ ಎಂದು ಅವನು ಗೌರಮ್ಮನಿಗೆ ಹೇಳಿದ್ದ. ಶ್ರೀರಾಮಪ್ಪ ಕಾಯುತ್ತಿದ್ದ.

ಅರವತ್ತೈದರ ಆಗಸ್ಟಿನಲ್ಲಿ ಸಾಕ್ಷಿ ವಿಚಾರಣೆ ಬಂತು. ಲಕ್ಕಣ್ಣ ಕರಿಕೋಟು ಹಾಕಿಕೊಂಡು ಹೋದ. ಕೋರ್ಟಿನ ಜಗಲಿಯಲ್ಲಿ ಮುನಿಕೆಂಪಮ್ಮ ಕೂತಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು.

‘ನೀನ್ಯಾಕೆ ಬಂದೆ ಕೆಂಪಮ್ಮಕ್ಕ?’

‘ನಮ್ ಬೈರ ಕಳಿಸ್ದ. ಸರ್ಕಾರದೋರು ಕೂಗವ್ರಂತೆ. ಗೊತ್ತಿರೋದ್ನ ಗೊತ್ತಿದ್ದಂಗೆ ಏಳ್ಬುಟ್ಟು ಬಾ ಅಂದ. ನೀನೂ ಅದಕ್ಕೇ ಬಂದ್ಯಾ?’

ಜವಾನ ಲಕ್ಕಣ್ಣನ ಹೆಸರು ಕೂಗಿದ. ಅವನು ಒಳಗೆ ಹೋದ. ಸಾಕ್ಷಿಗಳು ಒಬ್ಬರ ಮಾತು ಒಬ್ಬರು ಕೇಳಬಾರದು ಎಂದು ಮುನಿಕೆಂಪಮ್ಮನನ್ನು ಹೊರಗೇ ಇರಿಸಿದರು.

ಬದರೀನಾಥ ಕೇಳಿದ. ಲಕ್ಕಣ್ಣ ಹೇಳಿದ. ಮಂಡಿ, ಈರುಳ್ಳಿ ಮೂಟೆ, ನೂರರ ನೋಟುಗಳು, ನಾಲ್ಕೂವರೆ ಸಾವಿರ. ಚೆನ್ನಾಗಿಯೇ ಹೇಳಿದ. ನ್ಯಾಯಾಧೀಶರು ಬರೆದುಕೊಂಡರು. ಆಮೇಲೆ ಸರ್ಕಾರಿ ವಕೀಲ ಎದ್ದ. ತೆಳ್ಳಗಿನ ಮುದುಕ, ದನಿ ಮೆತ್ತಗಿತ್ತು.

‘ಈ ಸಹಿ ನಿಮ್ಮದಾ?’

‘ನಂದೇ ಸ್ವಾಮಿ.’

‘ಚುಕ್ಕಿ ಯಾಕೆ?’

‘ಸುಮ್ನೆ ಸ್ವಾಮಿ. ಚೆಂದಕ್ಕೆ.’

‘ಸಾಕ್ಷಿ ಹಾಕೋನಿಗೆ ಒಳಗಿನ ವಿಷಯ ಗೊತ್ತಿರಬೇಕಾಗಿಲ್ಲ. ನಿಮ್ಮ ವಕೀಲರು ಹೇಳಿಕೊಟ್ಟಿರಬೇಕು. ಸರಿ.’ ಅವನು ಪತ್ರದ ಕೊನೆಯ ಪುಟ ತೆರೆದ. ‘ಇಲ್ಲೊಂದು ಎರಡನೇ ಸಹಿ ಇದೆ. ಇದಕ್ಕೂ ಎರಡು ಚುಕ್ಕಿ. ಮೇಲಿನ ಸಾಲು ಓದಿ. ನಿಮಗೆ ಓದು ಬರತ್ತಲ್ಲ.’

ಲಕ್ಕಣ್ಣ ಓದಲಿಲ್ಲ. ಬದರೀನಾಥ ಕತ್ತು ಚಾಚಿ ಪುಟ ನೋಡಿ, ಕುರ್ಚಿಯಲ್ಲಿ ಹಿಂದಕ್ಕೆ ಕೂತ.

‘ನಾನು ಓದ್ತೀನಿ. “ಅನಕ್ಷರಸ್ಥೆ ಮುನಿಕೆಂಪಮ್ಮನಿಗೆ ಓದಿ ವಿವರವಾಗಿ ತಿಳಿಸಿದವನು.” ನೀವು ಓದಿ ಹೇಳಿದ್ರಾ?’

‘ಏಳ್ದೆ.’

‘ಬೆಲೆ ಎಷ್ಟು ಅಂತ ಹೇಳಿದ್ರಿ?’

‘ಬರ್ದಿದ್ದಷ್ಟೇ ಏಳ್ದೆ ಸ್ವಾಮಿ. ಸಾವ್ರ.’

‘ನಾಲ್ಕೂವರೆ ಎಣಿಸಿದ್ದು ಕಣ್ಣಾರೆ ನೋಡಿ, ಗಂಡನಿಲ್ಲದ ಹೆಂಗಸಿಗೆ ಸಾವಿರ ಅಂದ್ರಿ. ಹಾಗಾ? ಇಲ್ಲಾ, ಅವತ್ತು ಹೇಳಿದ್ದು ನಿಜ, ಇವತ್ತು ನಿಮ್ಮ ಭೂಮಿಗೆ ಬೆಲೆ ಏರಿಸೋಕೆ ಹೇಳ್ತಿರೋದು ಸುಳ್ಳು. ಯಾವುದೋ ಒಂದು ಹೇಳಿ.’

‘ಅವತ್ತು ಏಳಿದ್ದು ಸುಳ್ಳು ಸ್ವಾಮಿ’ ಎಂದ ಲಕ್ಕಣ್ಣ. ನ್ಯಾಯಾಧೀಶರು ತಲೆಯೆತ್ತಿ ನೋಡಿದರು. ಬಾಗಿಲಿನ ಕಡೆ ನೋಡಬಾರದೆಂದುಕೊಂಡಿದ್ದ ಲಕ್ಕಣ್ಣ ಬಾಗಿಲಿನ ಕಡೆಯೇ ನೋಡಿದ. ಅದು ಮುಚ್ಚಿತ್ತು.

ಮುನಿಕೆಂಪಮ್ಮ ಬಂದಾಗ ಅವನು ಹಿಂದಿನ ಬೆಂಚಿನಲ್ಲಿದ್ದ. ಅವಳು ಪ್ರಮಾಣ ಮಾಡಿದಳು. ಕಟಕಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

‘ಭೂಮಿ ಎಷ್ಟಕ್ಕೆ ಹೋಯ್ತಮ್ಮ?’

‘ಸಾವ್ರಕ್ಕೆ ಬುದ್ಧಿ.’

‘ನಿಮಗೆಷ್ಟು ಬಂತು?’

‘ಐನೂರು. ಬೈರ ಅವತ್ತೇ ಕೊಟ್ಟ, ಒಂದ್ ಕಾಸು ಇಟ್ಕಳಿಲ್ಲ.’

‘ಸಾವಿರ ಅಂತ ನಿಮಗೆ ಹೇಗೆ ಗೊತ್ತು?’

‘ಲಕ್ಕಣ್ಣ ಓದಿ ಏಳ್ದ. ಅವನು ಇದ್ದಿದ್ದು ಇದ್ದಂಗೆ ಓದೋನು.’ ಹಿಂದಿನ ಬೆಂಚಿನಲ್ಲಿ ಅವನನ್ನು ಕಂಡು ಕೈತೋರಿಸಿದಳು. ‘ಅಲ್ಲೇ ಅವ್ನೆ, ಬೇಕಾದ್ರೆ ಕೇಳಿ. ಸುಳ್ಳು ಏಳೋನಲ್ಲ.’

ಬದರೀನಾಥ ಪಾಟೀಸವಾಲಿಗೆ ಎದ್ದು, ಎರಡು ಪ್ರಶ್ನೆ ಕೇಳಿ ಕೂತ. ನಂಬಿ ಮಾತಾಡುತ್ತಿದ್ದ ಹೆಂಗಸಿನ ಹತ್ತಿರ ಕೇಳುವುದಕ್ಕೇನೂ ಇರಲಿಲ್ಲ.

ಹಿಂದಿರುಗುವ ಬಸ್ಸಿಗೆ ಇಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತರು. ಸರ್ಕಾರದವರು ಕೊಟ್ಟ ಸಾಕ್ಷಿ ಭತ್ಯೆಯನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

‘ನೀನೇನಂದೆ ಒಳಗೆ?’ ಎಂದು ಕೇಳಿದಳು.

ಅವನು ಹೇಳಿದ. ಸುತ್ತಿಬಳಸಿ ಹೇಳಲಿಲ್ಲ. ಮಂಡಿಯಲ್ಲಿ ಎಣಿಸಿದ್ದು, ಕಾಗದಕ್ಕೆ ಸಾವಿರ ಹಾಕಿದ್ದು, ತನಗೆ ಗೊತ್ತಿದ್ದೂ ಓದಿದ್ದು.

ಹೆಬ್ಬಾಳದ ಬಸ್ಸೊಂದು ಬಂದು ನಿಂತು ಹೋಯಿತು. ಇಬ್ಬರೂ ಏಳಲಿಲ್ಲ.

‘ನಂಗೆ ಬರ್ಬೇಕಿದ್ದಿದ್ದು ಎಷ್ಟು?’

‘ಎರಡು ಸಾವ್ರದ ಇನ್ನೂರೈವತ್ತು.’

‘ಐನೂರು ಬಂತು.’

‘ಊಂ.’

‘ಅವತ್ತು ನಿಂಗೇನು ಕೊಟ್ರು?’

‘ಒಂದ್ ಟವಲ್ಲು. ದೋಸೆ.’

‘ದೋಸೆ ನಂಗೂ ಕೊಡ್ಸಿದ್ರು’ ಎಂದಳು.

ಮುಂದಿನ ಬಸ್ಸು ಬಂದಾಗ ಅವಳು ಹೆಂಗಸರ ಕಡೆ ಕೂತಳು. ಬಳ್ಳಾರಿ ರಸ್ತೆಯಲ್ಲಿ ಇಳಿದು ಕೆರೆ ಏರಿಯ ಮೇಲೆ ಅವನಿಗಿಂತ ಹತ್ತು ಮಾರು ಮುಂದೆ ನಡೆದಳು. ಅವನು ಹತ್ತಿರವಾಗಲು ಪ್ರಯತ್ನಿಸಲಿಲ್ಲ.

ತೀರ್ಪು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಐತೀರ್ಪನ್ನೇ ಎತ್ತಿಹಿಡಿದಿದ್ದರು. ತೀರ್ಪು ಇಂಗ್ಲಿಷಿನಲ್ಲಿತ್ತು. ಬದರೀನಾಥನ ಗುಮಾಸ್ತ ಅದರ ಕೊನೆಯ ಭಾಗವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟ. ಮೇಲಿನ ಕೋರ್ಟಿಗೆ ಹೋಗಬಹುದಾ ಎಂದು ಲಕ್ಕಣ್ಣ ಕೇಳಿದ.

‘ಹೋಗ್ಬಹುದು. ಅಲ್ಲೂ ಇದೇ ಕಾಗದ ಓದ್ತಾರೆ’ ಎಂದ ಬದರೀನಾಥ. ‘ಒಂದ್ ಮಾತು ನಂಗೆ ಮುಂಚೆ ಹೇಳ್ಬಾರ್ದಿತ್ತೇನಯ್ಯ?’

ಆ ವಾರವೇ ಶ್ರೀರಾಮಪ್ಪ ಚಿಕ್ಕಜಾಲದ ಎರಡು ಎಕರೆಯನ್ನು ದೇವನಹಳ್ಳಿ ಕಡೆಯವನಿಗೆ ಕೊಟ್ಟ. ಬಂದು ಹೇಳಿ, ಊಟ ಮಾಡಿಕೊಂಡೇ ಹೋದ. ಗೌರಮ್ಮ ಅಣ್ಣನನ್ನು ರಸ್ತೆಯವರೆಗೆ ಕಳಿಸಿ ಬಂದು, ಪೆಟ್ಟಿಗೆಯಿಂದ ಟವಲ್ಲುಗಳನ್ನು ತೆಗೆದು ಒಲೆ ಒರೆಸಲು ಒಂದು, ನೆಲ ಒರೆಸಲು ಒಂದು ಎಂದು ಹರಿಯತೊಡಗಿದಳು. ಲಕ್ಕಣ್ಣ ಬೇಡವೆನ್ನಲಿಲ್ಲ. ಕೋರ್ಟಿನ ಖರ್ಚು ಕಳೆದು ಕೈಗೆ ಸಿಕ್ಕ ದುಡ್ಡಿನಲ್ಲಿ ಎಲ್ಲಿಯೂ ಭೂಮಿ ಕೊಳ್ಳಲಾಗಲಿಲ್ಲ. ಅವನು ಶೆಡ್ಡಿನ ಕೆಲಸ ಬಿಡಲಿಲ್ಲ.

ಒಂದು ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಮುನಿಕೆಂಪಮ್ಮ ಶೆಡ್ಡಿಗೆ ಬಂದಳು. ಕೋರ್ಟಿನ ದಿನದಿಂದ ಅವಳು ಅವನೊಂದಿಗೆ ಮಾತಾಡಿರಲಿಲ್ಲ. ದಿನವೂ ಸಾಲಿನಲ್ಲಿ ಬಂದು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು.

‘ಬೈರನ್ ಅತ್ರ ಓಗಿದ್ದೆ. ನನ್ ಪಾಲು ಕೊಡು ಅಂದೆ.’

‘ಏನಂದ?’

‘ಕೋರ್ಟೇ ಸಾವ್ರ ಅಂದೈತೆ, ಓಗಿ ಓದಿಸ್ಕ ಅಂದ.’ ಅವಳು ಕೈಚಾಚಿದಳು. ‘ಕಾಗದ ನಿನ್ ಅತ್ರ ಐತಂತಲ್ಲ. ಓದು.’

ಹಾಳೆ ಕೋಟಿನ ಜೇಬಿನಲ್ಲೇ ಇತ್ತು. ಅವನು ಬಿಚ್ಚಿ ಓದಿದ.

‘“ಒಂದನೆಯ ಸಾಕ್ಷಿ ಲಕ್ಕಣ್ಣನು ತನ್ನ ಲಾಭಕ್ಕಾಗಿ ಸುಳ್ಳು ನುಡಿದಿದ್ದಾನೆ. ಅವನ ಮಾತನ್ನು ಒಪ್ಪಲಾಗದು. ಮುನಿಕೆಂಪಮ್ಮನು ಅನಕ್ಷರಸ್ಥೆಯಾದರೂ ನಂಬಲರ್ಹಳು. ಆಕೆಗೆ ಸುಳ್ಳು ಹೇಳುವ ಕಾರಣವಿಲ್ಲ. ಆದ್ದರಿಂದ ಸದರಿ ಭೂಮಿಯ ನಿಜವಾದ ಕ್ರಯ ಎಕರೆಗೆ ಒಂದು ಸಾವಿರ ರೂಪಾಯಿ ಎಂದು ತೀರ್ಮಾನಿಸಲಾಗಿದೆ.”’

‘ನಂಬಲರ್ಹಳು ಅಂದ್ರೆ?’

‘ನೀನು ಏಳಿದ್ದು ದಿಟ ಅಂತ.’

‘ನಾನು ಏಳಿದ್ದು ದಿಟ ಅಲ್ವಲ್ಲ.’

‘ಅಲ್ಲ.’

‘ಈಗ ನಾನೇ ಓಗಿ ಜಡ್ಜಿಗೆ ಏಳಿದ್ರೆ?’

‘ನಿನ್ ಬಾಯಲ್ಲೇ ಸಾವ್ರ ಅಂತ ಬರ್ಕೊಂಡವ್ರಲ್ಲಕ್ಕ. ನನ್ ಮಾತು ಯಾರೂ ನಂಬಾಕಿಲ್ಲ. ಈ ಕಾಗದ್ದಲ್ಲೇ ಬರ್ದೈತೆ.’

ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ತಲೆಕೆಳಗಾಗಿ ಹಿಡಿದಿದ್ದಳು. ಮತ್ತೆ ಅವನ ಮೇಜಿನ ಮೇಲಿಟ್ಟಳು. ಹೊರಗೆ ಮೇಸ್ತ್ರಿ ಅಕ್ಬರ್ ಪಾಷಾ ಕೂಲಿಗಳನ್ನು ಸಾಲು ನಿಲ್ಲಿಸುತ್ತಿದ್ದ. ಲಕ್ಕಣ್ಣ ಹಾಜರಿ ಪುಸ್ತಕ ತೆರೆದು ಅವಳ ಹೆಸರಿನ ಮುಂದೆ ಬರೆದು, ಶಾಯಿಯ ಡಬ್ಬಿ ತಳ್ಳಿದ.

ಅವಳು ಬೆರಳು ಅದ್ದಲಿಲ್ಲ.

‘ಏನ್ ಬರ್ದಿದ್ದೀಯ?’

‘ಒಂದು ದಿನ. ಒಂದೂಕಾಲು ರೂಪಾಯಿ.’

ಅವಳು ಪುಸ್ತಕ ಎತ್ತಿಕೊಂಡು ಹೊರಗೆ ಹೋದಳು. ‘ಸಾಬ್ರೇ, ಇಲ್ಲೇನೈತೆ ಓದಿ’ ಎನ್ನುವುದು ಶೆಡ್ಡಿನೊಳಕ್ಕೆ ಕೇಳಿಸಿತು.

‘ಅರೇ, ಲಕ್ಕಣ್ಣ ಬರ್ದಿರೋದಲ್ವಾ ಅಮ್ಮಾ? ಏನ್ ನೋಡೋದು ಅದ್ರಲ್ಲಿ?’

‘ನೀವು ಓದಿ.’

ಅಕ್ಬರ್ ಪಾಷಾಗೆ ಅಂಕಿ ಬರುತ್ತಿತ್ತು. ಬೆರಳಿಟ್ಟು ನೋಡಿ, ಒಂದು ದಿನ, ಒಂದೂಕಾಲು ಎಂದ. ಅವಳು ವಾಪಸು ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೆಬ್ಬೆಟ್ಟು ಒತ್ತಿದಳು. ಬೆರಳಿನ ಶಾಯಿಯನ್ನು ತಗಡಿನ ಗೋಡೆಗೆ ಒರೆಸಿ ಜಲ್ಲಿಯ ಕಡೆ ಹೋದಳು. ಅವಳ ಹಿಂದೆ ನಿಂತಿದ್ದ ಮುನಿಆಂಜಿನಪ್ಪ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ತಾನೂ ಮೇಸ್ತ್ರಿಯ ಹತ್ತಿರ ಒಯ್ದ.